ನೆರೆಗಂತ ರೆಡಿ-ಟು-ಈಟ್ ಪ್ಯಾಕೆಟ್: ಯಾವುದು ತಗೋಬೇಕು, ಈ ಬಿಸಿಲಾಗ ಎಲ್ಲಿ ಇಡಬೇಕು?

ಭೀಮಾದಂಡಿ (ಅಫಜಲಪುರ ತಾಲೂಕು)
ಎಲ್ಲರಿಗೂ ಶರಣ್ರಿ. ಮನಿ ಹೊಳಿ ದಂಡಿಗಿ ಅದ. ಮಂದಿ ಐದು. ನಾಕ್ ದೊಡ್ಡವರು, ಒಂಬತ್ತು ವರ್ಷದ ಹುಡುಗ ಒಬ್ಬ. ದೊಡ್ಡವರಾಗ ಒಬ್ಬರು ಎಪ್ಪತ್ತು ದಾಟಿದವರು, ಬಿಪಿ ಗುಳಿಗಿ ನಡದದ. ಮ್ಯಾಲಿನ ಉಜನಿ ಡ್ಯಾಮಿಂದ ನೀರು ಬಿಟ್ರ ರಸ್ತಾ ಬಂದ್, ಕರೆಂಟ್ ಬಂದ್, ಸಿಲಿಂಡರ್ ಗಾಡಿ ಬರಂಗಿಲ್ಲ. ಅಂಥಾ ಹೊತ್ತಿಗಿ 5 ದಿನ ನಡಿಯೋ ಊಟ ಮನ್ಯಾಗ ಇರಬೇಕು ಅಂತ ಲೆಕ್ಕ. ಬಜೆಟ್ 4000. ಅಂಗಡ್ಯಾಗ ದಾಲ್ ಫ್ರೈ, ರಾಜ್ಮಾ, ಪಲಾವ್, ಕಪ್ ಉಪ್ಪಿಟ್ಟು, ನೂಡಲ್ಸ್ ಎಲ್ಲಾ ಅದಾವ. ಈಗ ಮೇದಾಗೇ ತಂದು ಅಟ್ಟದ ಮ್ಯಾಲೆ ಇಟ್ರ ನಡೀತದೇನು? ಯಾವುದು ತಗೋಳಿ?

ಫರಸಿಕಲ್ಲು (ಶಹಾಬಾದ್)
ಮೇದಾಗ ತರಬ್ಯಾಡ್ರಿ. ಅಟ್ಟ ಅಂತೂ ಬ್ಯಾಡೇ ಬ್ಯಾಡ.

ಸುರಪುರಸೀಮಿ
ಅಟ್ಟ ಬ್ಯಾಡಂದ್ರ ನೀರು ಒಳಗ ಬಂದಾಗ ಎಲ್ಲಿ ಇಡ್ಬೇಕ್ರೀ ಫರಸಿ ಅಣ್ಣಾರ? ನೆಲದ ಮ್ಯಾಲೆ ಇಟ್ರ ಮೊದ್ಲ ಅದೇ ತೇಲ್ತದ.

ರಿಟಾರ್ಟ್‌ಬಾಯ್ಲರ್ (ಬೀದರ್)
ಇಬ್ಬರದೂ ಖರೇ ಅದ, ತಿಂಗಳು ಬ್ಯಾರೆ ಅಷ್ಟೇ. ಕಲಬುರಗಿ ಬಿಸಿಲಿಗೆ ಸಾಮಾನು ಕೆಳಗ ಇರ್ಬೇಕು, ನೆರೆಗೆ ಮ್ಯಾಲ ಇರ್ಬೇಕು. ಎರಡೂ ಒಂದೇ ತಿಂಗಳದಾಗ ಬರಂಗಿಲ್ಲ.

ಪೌಚ್ ಮ್ಯಾಲೆ 12 ತಿಂಗಳು ಅಂತ ಬರದಿರ್ತದಲ್ಲ, ಅದು ತಂಪಾದ ಒಣ ಜಾಗದ ಲೆಕ್ಕ. 10 ಡಿಗ್ರಿ ಶಾಖ ಏರಿದ್ರ ಆಯುಷ್ಯ ಹೆಚ್ಚೂಕಡಿಮಿ ಅರ್ಧಕ್ಕ ಇಳೀತದ ಅಂತ ಆಹಾರ ಉದ್ಯಮದಾಗ ಮೋಟಾ ಲೆಕ್ಕ ಹಿಡೀತಾರ. ಅಮೆರಿಕದ ಸೈನ್ಯದ ಊಟದ ಪೌಚಿಗೆ 27 ಡಿಗ್ರಿಯಾಗ ಕನಿಷ್ಠ 3 ವರ್ಷ, 38 ಡಿಗ್ರಿಯಾಗ ಬರೇ 6 ತಿಂಗಳು ಅಂತ ಅವರೇ ನಿಗದಿ ಮಾಡ್ಯಾರ. ನಮ್ಮಲ್ಲಿ ಏಪ್ರಿಲ್-ಮೇದಾಗ ಹೊರಗ 42-43 ಸಾಮಾನ್ಯ, ತಗಡಿನ ಕೆಳಗಿನ ಅಟ್ಟದಾಗ ಅದಕ್ಕಿಂತ ಜಾಸ್ತಿ.

ಇನ್ನೊಂದು ಭಾಳ ಮಂದಿಗಿ ಗೊತ್ತಿರಂಗಿಲ್ಲ. ರಿಟಾರ್ಟ್ ಮಾಡಿದ, ಅಂದ್ರ ಸೀಲ್ ಮಾಡಿ ಉಗಿ ಒತ್ತಡದಾಗ ಬೇಯಿಸಿದ ಊಟದಾಗ ಕೆಲವು ಗಟ್ಟಿ ಬೀಜಾಣು ಸಾಯದೇ ಉಳೀತಾವ. ಸಾಮಾನ್ಯ ಶಾಖದಾಗ ಅವು ಏಳಂಗಿಲ್ಲ, ಅದಕ್ಕ ತೊಂದ್ರಿ ಇಲ್ಲ. ಆದ್ರ 45 ದಾಟಿದ ಜಾಗದಾಗ ದಿನಗಟ್ಟಲೆ ಬಿದ್ರ ಎದ್ದು ಊಟ ಹುಳಿ ಮಾಡ್ತಾವ. ಗ್ಯಾಸ್ ಬಿಡಂಗಿಲ್ಲ, ಪೌಚ್ ಉಬ್ಬಂಗಿಲ್ಲ. ನೋಡ್ಲಕ ಬರೋಬ್ಬರಿ, ಒಡದ್ರ ಹುಳಿ ವಾಸನಿ.

ಅದಕ್ಕ: ಜೂನ್ ಎರಡನೇ ವಾರ, ಮಿರಗ (ಮೃಗಶಿರಾ ಮಳಿ) ಕೂಡಿ ಬಿಸಿಲು ಇಳಿದ ಮ್ಯಾಲೆ ಖರೀದಿ. ತಂದ ದಿನಾನೇ ಅಟ್ಟಕ್ಕ. ದೀಪಾವಳಿ ದಾಟಿದ ಮ್ಯಾಲೆ ಕೆಳಗ ಇಳಿಸಿ ನಡುಮನಿ ಕತ್ತಲ ಮೂಲಿಗಿ. ಶಿವರಾತ್ರಿ ಒಳಗ ಉಂಡು ಖಾಲಿ ಮಾಡ್ರಿ. ಮತ್ತ ಮಿರಗಕ್ಕ ಹೊಸದು. ಬ್ಯಾಸಿಗಿ ಕಾಣಲಾರದ ಪ್ಯಾಕೆಟ್ ಅದು.

ಫರಸಿಕಲ್ಲು (ಶಹಾಬಾದ್)
ಇದು ಬರೋಬ್ಬರಿ. ಕೆಳಗ ಇಡುವಾಗ ಫರಸಿ ಹಾಸಿದ ಒಳಕೋಣಿ ಇದ್ರ ಅಲ್ಲಿ ಇಡ್ರಿ. ಪಡುವಣ ಗ್ವಾಡಿಗಿ ಹಚ್ಚಬ್ಯಾಡ್ರಿ, ಸಂಜಿ ಬಿಸಿಲಿಗಿ ಆ ಗ್ವಾಡಿ ರಾತ್ರಿ ಹತ್ತರತನಕ ಕಾಯ್ದಿರ್ತದ.

ಹೊಸಬ_ಯಾದಗಿರಿ
ಮೇದಾಗ ಆಫರ್ ಇರ್ತದಲ್ರೀ, ಅರ್ಧ ರೇಟಿಗಿ ಕೊಡ್ತಾರ.

ರಿಟಾರ್ಟ್‌ಬಾಯ್ಲರ್ (ಬೀದರ್)
ತಾರೀಖು ತಿರುವಿ ನೋಡ್ರಿ. ಅರ್ಧ ರೇಟಿನ ಪೌಚ್ ಹಿಂದಿನ ಸೆಪ್ಟೆಂಬರಿಂದೋ ಅಕ್ಟೋಬರಿಂದೋ ಇರ್ತದ. ಇನ್ನ ನಾಕ್ ತಿಂಗಳು ಉಳಿದದ್ದನ್ನ ತಗೊಂಡು ನೆರೆಗೆ ಇಡೋದಾ? ಹೊಳಿ ಏರೋದೇ ಆಗಸ್ಟಿಂದ ಅಕ್ಟೋಬರ್. 2020ರಾಗ ಅಕ್ಟೋಬರಕ್ಕೇ ಬಂದಿತ್ತು. ತರುವಾಗ ಕನಿಷ್ಠ 9 ತಿಂಗಳು ಬಾಕಿ ಇರೋದೇ ಆರಿಸ್ರಿ.

ತಟ್ಟೆಲೆಕ್ಕ (ಕಲಬುರಗಿ)
ಎಲ್ಲರೂ ಎಲ್ಲಿಡಬೇಕು ಅಂತಿದ್ದೀರಿ, ಹೊಟ್ಟೆ ತುಂಬುತ್ತದೆಯೇ ಅಂತ ಯಾರೂ ಕೇಳಿಲ್ಲ. 300 ಗ್ರಾಮಿನ ದಾಲ್ ಫ್ರೈ ಪೌಚ್ ತಿರುಗಿಸಿ ಪೌಷ್ಟಿಕಾಂಶದ ಪಟ್ಟಿ ಓದಿ. ಅಲ್ಲಿ 100 ಗ್ರಾಮಿನ ಲೆಕ್ಕ ಇರುತ್ತದೆ, ಮೂರರಿಂದ ಗುಣಿಸಿ. ಬೇಳೆ, ರಾಜ್ಮಾ, ಛೋಲೆ ಇಡೀ ಪೌಚಿಗೆ 300 ಕ್ಯಾಲೊರಿ ಆಸುಪಾಸು. ಪಾಲಕ್ ಥರದ್ದು ಇನ್ನೂ ಕಡಿಮೆ. ದೊಡ್ಡವರಿಗೆ ದಿನಕ್ಕೆ ಸುಮಾರು 2000 ಬೇಕು. ಐದು ಜನ, ಐದು ದಿನ, 50 ಸಾವಿರ ಕ್ಯಾಲೊರಿ. ಬರೀ ಪೌಚಿನಲ್ಲೇ ತೂಗಿಸಬೇಕಾದರೆ 160ಕ್ಕೂ ಹೆಚ್ಚು ಪೌಚ್. ಒಂದಕ್ಕೆ 120 ಹಿಡಿದರೂ 20 ಸಾವಿರ ರೂಪಾಯಿ ಹತ್ತಿರ. ‘ಇಬ್ಬರಿಗೆ ಸಾಕು’ ಅಂತ ಡಬ್ಬಿ ಮೇಲೆ ಬರೆದಿರುವುದು ಅನ್ನವೋ ರೊಟ್ಟಿಯೋ ನಿಮ್ಮ ಹತ್ತಿರ ಇದೆ ಅಂತ ಹಿಡಿದುಕೊಂಡು.

ಪೌಚ್ ಅಂದರೆ ಪಲ್ಯ, ಊಟ ಅಲ್ಲ. ಊಟದ ಭಾರ ಹೊರುವುದು ಬೇರೆ ಇರಬೇಕು.

ಖಡಕ್‌ರೊಟ್ಟಿ (ಜೇವರ್ಗಿ)
ಬಂತು ನೋಡ್ರಿ ಮಾತು ದಾರಿಗಿ. ಖಡಕ್ ರೊಟ್ಟಿ ಇರುವಾಗ ಪೌಚ್ ಹಿಡ್ಕೊಂಡು ಯಾಕ ಕೂಡ್ತೀರಿ? ಬೆಂಕಿ ಬ್ಯಾಡ, ನೀರು ಬ್ಯಾಡ, ಒಣಾ ಇದ್ರ ತಿಂಗಳುಗಟ್ಟಲೆ ಬಾಳ್ತದ. ಮ್ಯಾಲೊಂದೀಟು ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಮುಗೀತು.

ಹೊಸಬ_ಯಾದಗಿರಿ
ಪ್ರಶ್ನೆ ರೆಡಿ ಮೀಲ್ಸ್ ಬಗ್ಗೆ ಇತ್ತು ಅನಸ್ತದ.

ಖಡಕ್‌ರೊಟ್ಟಿ (ಜೇವರ್ಗಿ)
ರೊಟ್ಟಿಗಿಂತ ರೆಡಿ ಮೀಲ್ ಯಾವುದೈತ್ರೀ ತಮ್ಮಾ?

ರಿಟಾರ್ಟ್‌ಬಾಯ್ಲರ್ (ಬೀದರ್)
ಆದ್ರ ಬರೇ ರೊಟ್ಟಿ-ಹಿಂಡಿ ಮ್ಯಾಲೆ 5 ದಿನ ತಳ್ಳಿದ್ರ ಮೂರನೇ ದಿನಕ್ಕ ಮುದುಕರ ಗಂಟಲದಾಗ ಇಳಿಯಂಗಿಲ್ಲ. ಒಣ ಊಟಕ್ಕ ನೀರು ಜಾಸ್ತಿ ಬೇಕು, ನೆರ್‍ಯಾಗ ಕುಡಿಯೋ ನೀರೇ ಕಡಿಮಿ. ಬಿಸಿ ದಾಲ್ ರೊಟ್ಟಿ ಮ್ಯಾಲೆ ಸುರುವಿ ಐದು ನಿಮಿಷ ಬಿಟ್ರ ಹಲ್ಲಿಲ್ಲದವರೂ ಉಣ್ತಾರ. ಪೌಚ್ ಇರ್ಬೇಕು, ಲೆಕ್ಕದಾಗ ಇರ್ಬೇಕು.

ಭೀಮಾದಂಡಿ (ಅಫಜಲಪುರ ತಾಲೂಕು)
ಲೆಕ್ಕ ಯಾರಾದ್ರೂ ಹಾಕಿ ಕೊಡ್ರಿ ಹಂಗಾದ್ರ. ಮತ್ತ ಗ್ಯಾಸ್ ಇರಲಾರ್ದಾಗ ಪೌಚ್ ಹಾಂಗೇ ತಣ್ಣಗ ತಿನ್ಲಕ ಬರ್ತದೇನು?

ರಿಟಾರ್ಟ್‌ಬಾಯ್ಲರ್ (ಬೀದರ್)
ಬರ್ತದ. ಪೌಚಿನಾಗ ಹಾಕಿ, ಸೀಲ್ ಮಾಡಿ, ಆಮ್ಯಾಲೆ 121 ಡಿಗ್ರಿ ಉಗಿ ಒತ್ತಡದಾಗ ಬೇಯಿಸಿರ್ತಾರ. ಒಳಗಿಂದು ಪೂರಾ ಬೆಂದದ್ದು. ಬಿಸಿ ಮಾಡೋದು ರುಚಿಗೆ. ಆದ್ರ ಎಲ್ಲಾ ಪೌಚ್ ತಣ್ಣಗ ಒಂದೇ ಥರ ಇರಂಗಿಲ್ಲ. ಪಲಾವ್, ಬಿರಿಯಾನಿ, ಜೀರಾ ರೈಸ್ ತಣ್ಣಗಿದ್ದಾಗ ಅಕ್ಕಿ ಕಲ್ಲಾಗಿರ್ತದ. ಬೆಂದ ಪಿಷ್ಟ ತಣ್ಣಗಾಗಿ ಮತ್ತ ಬಿಗೀತದ, ಬಿಸಿ ಮಾಡದೇ ಮೆತ್ತಗಾಗಂಗಿಲ್ಲ. ಪನೀರ್ ರಬ್ಬರ್. ಬೆಂಕಿ ಇರಂಗಿಲ್ಲ ಅನ್ನೋ ಲೆಕ್ಕದಾಗ ತಗೊಂಡ್ರ ದಾಲ್, ಸಾಂಬಾರ್, ರಾಜ್ಮಾ, ಛೋಲೆ, ಮೆತ್ತನ ಖಿಚಡಿ. ರವಾ ಹಲ್ವಾ ಒಂದೆರಡು ಇರ್ಲಿ, ಇದ್ದುದರಾಗ ಅದರ ಕ್ಯಾಲೊರಿ ಜಾಸ್ತಿ, ಹುಡುಗೂರು ತಿಂತಾವ.

ಕಪ್ ಉಪ್ಪಿಟ್ಟು ಬಿಟ್ಟುಬಿಡ್ರಿ. ಅದಕ್ಕ ಕುದಿಯೋ ನೀರೇ ಬೇಕು, ತಣ್ಣೀರಾಗ ರವಾ ಬರೇ ಒದ್ದಿಯಾಗ್ತದ, ಬೇಯಂಗಿಲ್ಲ. ನೂಡಲ್ಸಿಗೂ ಬಿಸಿ ನೀರಿದ್ರನ ಚೊಲೋ.

ಕಾಗಿಣಾ (ಸೇಡಂ)
ಅವಲಕ್ಕಿ ತಣ್ಣೀರಾಗ ನೆನೀತದ. ತೆಳುವಂದು ಎರಡು ನಿಮಿಷ, ದಪ್ಪಂದು ಹತ್ತು. ಕಪ್ಪಿಗಿ 50 ರೂಪಾಯಿ ಕೊಡೋ ಬದಲು ಕಿಲೋ ಅವಲಕ್ಕಿ ತಗೊಂಡು ಪುಟಾಣಿ, ಬೆಲ್ಲ ಕೂಡ್ಸಿರಿ.

ಸುರಪುರಸೀಮಿ
ಮತ್ತ ಚುರುಮುರಿ? ಸುಸಲಾ?

ಕಾಗಿಣಾ (ಸೇಡಂ)
ಚೀಲ ತುಂಬ ಚುರುಮುರಿ, ತೂಗಿದ್ರ ಅರ್ಧ ಕಿಲೋ. ಅಟ್ಟದಾಗ ಜಾಗ ತಿಂತದ, ಹೊಟ್ಟಿಗಿ ಏನೂ ಇಲ್ಲ. ಒದ್ದಿ ಹವಾಕ್ಕ ಮೊದಲು ಮೆತ್ತಗಾಗೋದೂ ಅದೇ.

ತಟ್ಟೆಲೆಕ್ಕ (ಕಲಬುರಗಿ)
ಭೀಮಾದಂಡಿ ಅವರೇ, ಲೆಕ್ಕ ಇಲ್ಲಿದೆ. ಒಬ್ಬ ದೊಡ್ಡವರಿಗೆ ಒಂದು ದಿನಕ್ಕೆ: ಖಡಕ್ ರೊಟ್ಟಿ 6 (ಒಣಗಿದ್ದು ಒಂದು 35 ಗ್ರಾಂ ಅಂದರೆ 120 ಕ್ಯಾಲೊರಿ), ಅವಲಕ್ಕಿ 100 ಗ್ರಾಂ, ಹುರಿದ ಶೇಂಗಾ 50 ಗ್ರಾಂ, ಪುಟಾಣಿ 50 ಗ್ರಾಂ, ಬೆಲ್ಲ 50 ಗ್ರಾಂ, ದಾಲ್ ಅಥವಾ ರಾಜ್ಮಾ ಅರ್ಧ ಪೌಚ್. ಕೂಡಿಸಿದರೆ 1900 ಹತ್ತಿರ. ನೆರೆಯಲ್ಲಿ ಹೊಲದ ಕೆಲಸ ಇರುವುದಿಲ್ಲ, ಸಾಕು.

ಐದು ಜನ ಐದು ದಿನಕ್ಕೆ 150 ರೊಟ್ಟಿ, ಎರಡೂವರೆ ಕಿಲೋ ಅವಲಕ್ಕಿ, ಶೇಂಗಾ-ಪುಟಾಣಿ-ಬೆಲ್ಲ ತಲಾ ಒಂದೂಕಾಲು ಕಿಲೋ, ಪೌಚ್ 13. ರೊಟ್ಟಿ ಒಂದಕ್ಕೆ 10 ರೂಪಾಯಿ ಹಿಡಿದರೂ 1500, ಪೌಚ್ 1560, ಉಳಿದದ್ದು 600ರ ಒಳಗೆ. 4000 ದಾಟುವುದಿಲ್ಲ. ಉಳಿದ ದುಡ್ಡಿನಲ್ಲಿ ಓಆರ್‌ಎಸ್ ದೊಡ್ಡ ಪೊಟ್ಟಣ ಹತ್ತು ತಂದಿಡಿ, ಒಂದಕ್ಕೆ ಒಂದು ಲೀಟರ್ ನೀರು.

ಒಡೆದ ಪೌಚ್ ಎರಡು ತಾಸಿನೊಳಗೆ ಮುಗಿಯಬೇಕು. ಅರ್ಧ ಉಳಿಸಿ ಸಂಜೆಗೆ ಇಡುವ ಹಾಗಿಲ್ಲ, ಒಡೆದ ಕೂಡಲೇ ಅದು ಮನೆಯಲ್ಲಿ ಮಾಡಿದ ಬೇಳೆಯಷ್ಟೇ. ಅದಕ್ಕೇ ಒಪ್ಪತ್ತಿಗೆ ಎಲ್ಲರೂ ಕೂಡಿ ಎರಡು-ಮೂರು ಒಮ್ಮೆಗೇ ಒಡೆಯಿರಿ.

ಬಿಪಿ ಇರುವವರಿಗೆ ಒಂದು ಮಾತು. ಪಟ್ಟಿಯಲ್ಲಿ ಸೋಡಿಯಂ ಸಾಲು ನೋಡಿ. ಇಡೀ ದಿನಕ್ಕೆ 2000 ಮಿಲಿಗ್ರಾಂ ಮಿತಿ, ಅಂದರೆ ಉಪ್ಪು 5 ಗ್ರಾಂ. ಕೆಲವು ಪೌಚ್ ಇಡೀ ತಿಂದರೆ ಅರ್ಧಕ್ಕಿಂತ ಹೆಚ್ಚು ಒಂದೇ ಊಟದಲ್ಲಿ ಹೋಗುತ್ತದೆ. ಎರಡು ಕಂಪನಿ ದಾಲ್ ಪಕ್ಕಪಕ್ಕ ಹಿಡಿದು ಸೋಡಿಯಂ ಕಡಿಮೆ ಇರುವುದು ಆರಿಸಿ. ಅವರಿಗೆ ಹಿಂಡಿ, ಉಪ್ಪಿನಕಾಯಿ ಬೇಡ. ಮಾತ್ರೆ ಹತ್ತು ದಿನದ್ದು ಅದೇ ಡಬ್ಬಿಯಲ್ಲಿ ಇರಲಿ.

ಹೊಸಬ_ಯಾದಗಿರಿ
ಪೇಟ್ಯಾಗ ವ್ಯಾಕ್ಯೂಮ್ ಪ್ಯಾಕ್ ಮಾಡಿದ ಬಾಜಿ, ಪಲ್ಯ ಸಿಗ್ತಾವ, ರೇಟ್ ಕಡಿಮಿ. ಅದೂ ಇದೂ ಒಂದೇ ಅಲ್ವಾ?

ರಿಟಾರ್ಟ್‌ಬಾಯ್ಲರ್ (ಬೀದರ್)
ಅಲ್ಲವೇ ಅಲ್ಲ. ಇಲ್ಲೇ ಮಂದಿ ಎಡವೋದು. ಗಾಳಿ ತೆಗದ್ರ ಊಟ ಕೆಡಂಗಿಲ್ಲ ಅನ್ನೋದು ತಪ್ಪು. ಬಾಟುಲಿಸಂ (ಜೀವಕ್ಕ ಕುತ್ತು ತರೋ ಆಹಾರ ವಿಷ) ತರೋ ಬ್ಯಾಕ್ಟೀರಿಯಾಕ್ಕ ಗಾಳಿ ಇರಲಾರ್ದ ಜಾಗಾನೇ ಬೇಕು. ಹುಳಿ ಇಲ್ಲದ ಒದ್ದಿ ಊಟ, ಗಾಳಿ ಇಲ್ಲ, ಕೋಣಿ ಶಾಖ: ಅದಕ್ಕ ಹಬ್ಬ. ಅದರ ಬೀಜಾಣು ಮನಿ ಕುದಿಯುವಿಕೆಗೆ ಸಾಯಂಗಿಲ್ಲ, ಅದಕ್ಕೇ 121 ಡಿಗ್ರಿ. ಈ ರಿಟಾರ್ಟ್ ಪೌಚಿನ ಕೆಲಸ ನಮ್ಮ ದೇಶದಾಗ ಬೆಳದದ್ದು ರಕ್ಷಣಾ ಇಲಾಖಿಯ ಆಹಾರ ಸಂಶೋಧನಾ ಪ್ರಯೋಗಾಲಯ ಅಂದ್ರ ಮೈಸೂರಿನ ಡಿಎಫ್‌ಆರ್‌ಎಲ್‌ದಾಗ, ಸೈನಿಕರ ಊಟಕ್ಕಂತ. ಎಂಟಿಆರ್‌ನಂಥ ಕಂಪನಿ ಅಲ್ಲಿಂದಲೇ ತಂತ್ರಜ್ಞಾನ ತಗೊಂಡ್ವು.

ಗುರ್ತು ಹಿಡಿಯೋದು ಹೆಂಗ ಅಂದ್ರ, ಚೀಟಿ ಮ್ಯಾಲೆ ‘ಫ್ರಿಜ್ಜಿನಲ್ಲಿಡಿ’ ಅಂತ ಇದ್ರ, ಇಲ್ಲಾ ಬಾಳಿಕೆ ಹದಿನೈದು ದಿನ-ತಿಂಗಳು ಅಂತ ಇದ್ರ ಅದು ರಿಟಾರ್ಟ್ ಅಲ್ಲ. ಎಫ್‌ಎಸ್‌ಎಸ್‌ಎಐದ 14 ಅಂಕಿ ನಂಬರ್ ಇರಲೇಬೇಕು. ಇನ್ನ ಪೌಚಿನ ಪದರ. ಒಂದು ಪೌಚ್ ತಂದು ಉಂಡು, ಖಾಲಿ ಆದದ್ದನ್ನ ತೊಳದು ಒರಸ್ರಿ. ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಹಚ್ಚಿ ಪೌಚಿನ ಒಳಗ ಇಟ್ಟು ಬಾಯಿ ಮುಚ್ರಿ. ಖರೇ ಅಲ್ಯೂಮಿನಿಯಂ ಹಾಳಿ ಇದ್ರ ಕಗ್ಗತ್ತಲು, ಎಲ್ಲೂ ಬೆಳಕು ಹಾಯಂಗಿಲ್ಲ. ಬರೇ ಬೆಳ್ಳಿ ಬಣ್ಣದ ಲೇಪ ಕೊಟ್ಟ ಪ್ಲಾಸ್ಟಿಕ್ ಇದ್ರ ಇಡೀ ಪೌಚ್ ಮಬ್ಬಾಗಿ ಕಂದೀಲಿನಂಗ ಕಾಣ್ತದ. ಲೇಪದ್ದು ಗಾಳಿ ನಿಧಾನಕ್ಕ ಒಳಗ ಬಿಡ್ತದ, ವರ್ಷದ ಮಾಲಿಗಿ ಹಾಳಿದೇ ಬೇಕು. ಮಡಚಿದ ಗೆರಿ ಮ್ಯಾಲೆ ಸೂಜಿ ಮೊನಿಯಷ್ಟು ಬೆಳಕು ಕಂಡ್ರ ಅಲ್ಲಿ ಹಾಳಿ ಬಿರುಕು ಬಿಟ್ಟದ. ಅದಕ್ಕೇ ತುಂಬಿದ ಪೌಚ್ ಮಡಚಿ ಡಬ್ಬಿಗಿ ತುರುಕಬ್ಯಾಡ್ರಿ, ಪುಸ್ತಕ ಇಟ್ಟಂಗ ನೆಟ್ಟಗ ನಿಲ್ಲಿಸ್ರಿ.

ಸುರಪುರಸೀಮಿ
ಒಂದೊಂದು ಪೌಚಿನಾಗ ಗಾಳಿ ಗುಳ್ಳಿ ಇರ್ತದಲ್ಲ, ಅದು ಕೆಟ್ಟದ್ದಾ?

ರಿಟಾರ್ಟ್‌ಬಾಯ್ಲರ್ (ಬೀದರ್)
ಸಣ್ಣ ಗುಳ್ಳಿ ನಡೀತದ. ಹೆಬ್ಬೆರಳಿಂದ ಒತ್ರಿ: ಗುಳ್ಳಿ ಆಕಡಿ ಈಕಡಿ ಸರದ್ರ, ಪೌಚ್ ಸಡ್ಲ ಇದ್ರ ಚೊಲೋ ಅದ. ಹಲಗಿಯಂಗ ಬಿಗಿದು ಬೆರಳು ವಾಪಸ್ ದಬ್ಬಿದ್ರ ಒಳಗ ಗ್ಯಾಸ್ ಆಗ್ಯದ. ಒಡೀಬ್ಯಾಡ್ರಿ, ರುಚಿ ನೋಡಬ್ಯಾಡ್ರಿ, ಎಮ್ಮಿಗಿ ನಾಯಿಗಿ ಹಾಕಬ್ಯಾಡ್ರಿ. ಆಳ ಕುಣಿ ತೋಡಿ ಹುಗೀರಿ.

ಮಣ್ಣೂರಕಾಕಾ
ನಿಮ್ಮ ಪೌಚ್ ಪುರಾಣ ಓದಿ ನಗು ಬರ್ತದ. ಹಗೇವಿನಾಗ (ನೆಲದಾಗ ತೋಡಿದ ಕಾಳಿನ ಕುಣಿ) ಜ್ವಾಳ ವರ್ಷಗಟ್ಟಲೆ ಇಡ್ತಿದ್ರು ಹಿರೇರು. ಯಾವ ಹಾಳಿ, ಯಾವ ಟಾರ್ಚ್?

ಕಾಗಿಣಾ (ಸೇಡಂ)
ಕಾಕಾ, ಹಗೇವಿನ ಕೆಲಸಾನೂ ಇದೇ ತತ್ವ. ಜ್ವಾಳ ಉಸಿರಾಡಿ ಒಳಗಿನ ಆಕ್ಸಿಜನ್ ಖರ್ಚು ಮಾಡ್ತದ, ಹುಳ ಉಳಿಯಂಗಿಲ್ಲ. ಅದಕ್ಕೇ ಬಾಯಿ ತೆಗೆದ ಕೂಡ್ಲೇ ಮಂದಿ ಇಳೀಬಾರ್ದು ಅಂತ ಮೊದ್ಲ ಕಂದೀಲು ಬಿಟ್ಟು ನೋಡ್ತಿದ್ರು. ಆದ್ರ ಹೊಳಿ ದಂಡಿ ಹಗೇವು ನೀರು ಹೊಕ್ಕ ದಿನ ಕಲಾಸ್.

ಮಣ್ಣೂರಕಾಕಾ
ಅದು ಖರೇ. ದಂಡಿ ಊರಾಗ ದಿಬ್ಬದ ಮ್ಯಾಲೇ ತೋಡ್ತಿದ್ರು.

ಹೊಸಬ_ಯಾದಗಿರಿ
ನೀಲಕಂಠರಾಯನ ಗಡ್ಡಿ ಅಂಥಾ ಕಡಿ 5 ದಿನ ಸಾಲಂಗಿಲ್ಲಲ್ರೀ? ಬಸವಸಾಗರ ಡ್ಯಾಮಿಂದ ನೀರು ಬಿಟ್ರ ಕೃಷ್ಣಾ ನಡು ಸಿಕ್ಕೊಂಡು ಕೂಡ್ಬೇಕು.

ತಟ್ಟೆಲೆಕ್ಕ (ಕಲಬುರಗಿ)
ಅಲ್ಲಿ ಲೆಕ್ಕವೇ ಬೇರೆ. ಹದಿನೈದು ದಿನ ಅಂದರೆ ತಿನ್ನುವ ಪ್ಯಾಕೆಟ್ ಸಾಕಾಗುವುದಿಲ್ಲ, ಅಕ್ಕಿ-ಬೇಳೆ-ಕಟ್ಟಿಗೆ ಬೇಕು. ಪ್ಯಾಕೆಟ್ ಮೊದಲ ಎರಡು-ಮೂರು ದಿನಕ್ಕೆ, ಒಲೆ ಹಚ್ಚಲು ಆಗದ ದಿನಗಳಿಗೆ.

ಫರಸಿಕಲ್ಲು (ಶಹಾಬಾದ್)
ಇಲಿ ಬಗ್ಗೆ ಯಾರೂ ಅಂದಿಲ್ಲ. ನೀರು ಏರಿದ್ರ ಹೊಲದ ಇಲಿ, ಹೆಗ್ಗಣ ಎಲ್ಲಾ ಮನಿ ಅಟ್ಟಕ್ಕೇ ಬರ್ತಾವ. ಪೌಚ್ ಹಲ್ಲಿಗಿ ತಡಿಯಂಗಿಲ್ಲ. ಎಣ್ಣಿಯ 15 ಕಿಲೋ ತಗಡಿನ ಡಬ್ಬಿ ಸಾಬೂನಾಗ ತೊಳದು ಎರಡು ದಿನ ಒಣಗಿಸಿ ಬಳಸ್ರಿ. ಮುಚ್ಚಳದ ಸುತ್ತ ಅಗಲ ಟೇಪ್.

ಇನ್ನೊಂದು, ಪೌಚಿನ ಹೊರಗಿನ ರಟ್ಟಿನ ಡಬ್ಬಿ ಒದ್ದಿಯಾದ್ರ ಹೆಸರು, ತಾರೀಖು ಎರಡೂ ಹೋಗ್ತಾವ. ತಂದ ದಿನಾನೇ ರಟ್ಟು ತಗದು, ಪೌಚ್ ಮ್ಯಾಲೆ ಪರ್ಮನೆಂಟ್ ಮಾರ್ಕರಿಂದ ‘ರಾಜ್ಮಾ, ಮುಗಿಯೋದು 05/27’ ಅಂತ ಬರೀರಿ. ಮೂಲಿ ಸೀಲಿನ ಮ್ಯಾಲೆ ಬರೀರಿ, ನಡು ಹೊಟ್ಟಿ ಮ್ಯಾಲೆ ಒತ್ತಿ ಬರೀಬ್ಯಾಡ್ರಿ. ಕತ್ರಿ ಒಂದು ಡಬ್ಬ್ಯಾಗ ಇರ್ಲಿ, ಮೊನಿಗಿ ಬಟ್ಟಿ ಸುತ್ತಿ.

ಸುರಪುರಸೀಮಿ
ನೆರೆ ನೀರಾಗ ಬಿದ್ದ ಪೌಚ್ ಬಿಸಾಕಬೇಕೇನು?

ರಿಟಾರ್ಟ್‌ಬಾಯ್ಲರ್ (ಬೀದರ್)
ಸೀಲ್ ಗಟ್ಟಿ ಇದ್ದು ಎಲ್ಲೂ ತೂತಿಲ್ಲಂದ್ರ ಬಿಸಾಕೋದು ಬ್ಯಾಡ. ಕೆಸರು ಸಾಬೂನಿಂದ ತೊಳೀರಿ, ಚೊಲೋ ನೀರಾಗ ಜಾಲಿಸ್ರಿ. ಆಮ್ಯಾಲೆ 4 ಲೀಟರ್ ಚೊಲೋ ನೀರಿಗಿ ವಾಸನಿ ಹಾಕಲಾರ್ದ ಬ್ಲೀಚ್ ದ್ರಾವಣ ಒಂದು ದೊಡ್ಡ ಚಮಚ, 15 ನಿಮಿಷ ಮುಳುಗಿಸಿಟ್ಟು ಗಾಳಿಗಿ ಒಣಗಿಸ್ರಿ. ಡಬ್ಬಿ ಸಾಮಾನಿಗೂ ಅದೇ, ಜಂಗು ಹಿಡಿದು ಅಂಚು ನೆಗ್ಗಿದ್ದು ಬಿಟ್ಟು. ತಿರುಪು ಮುಚ್ಚಳದ ಬಾಟ್ಲಿ, ಉಪ್ಪಿನಕಾಯಿ ಭರಣಿ, ಬಿಸ್ಕೀಟ್, ನೂಡಲ್ಸ್, ರೊಟ್ಟಿ, ಹಿಟ್ಟು: ನೆರೆ ನೀರು ಮುಟ್ಟಿದ್ರ ಮುಲಾಜಿಲ್ಲದೇ ಬಿಸಾಕ್ರಿ. ಹೊಳಿ ನೀರು ಬರೇ ಹೊಳಿ ನೀರಲ್ಲ, ಊರಿನ ಗಟಾರ ಎಲ್ಲಾ ಅದರಾಗೇ.

ಕಾಗಿಣಾ (ಸೇಡಂ)
ನೀರು: ಒಬ್ಬರಿಗಿ ದಿನಕ್ಕ 3 ಲೀಟರ್ ಹಿಡದ್ರ 75 ಲೀಟರ್. 20 ಲೀಟರ್ ಕ್ಯಾನ್ ನಾಕು. ಇದನ್ನ ಮೇದಾಗ ತುಂಬಿಡೋದಲ್ಲ, ಮ್ಯಾಲಿನ ಡ್ಯಾಮಿಂದ ಬಿಟ್ರು ಅನ್ನೋ ಸುದ್ದಿ ಬಂದ ತಾಸಿನಾಗ ತುಂಬೋದು. ಕ್ಲೋರಿನ್ ಗುಳಿಗಿ ಆಶಾ ಕಾರ್ಯಕರ್ತೆ ಹತ್ರ ಸಿಗ್ತಾವ. ಎಷ್ಟು ಲೀಟರಿಗಿ ಒಂದು ಅನ್ನೋದು ಪಟ್ಟಿ ಮ್ಯಾಲೆ ಇರ್ತದ, ಓದಿ ಹಾಕಿ ಅರ್ಧ ತಾಸು ಬಿಡ್ರಿ. ಪೌಚ್ ಬಿಸಿ ಮಾಡಿದ ನೀರು ಚಹಾಕ್ಕ ಬಳಸಬ್ಯಾಡ್ರಿ, ಕೈ ತೊಳಿಲಕ ಇಟ್ಕೋರಿ.

ಭೀಮಾದಂಡಿ (ಅಫಜಲಪುರ ತಾಲೂಕು)
ಭಾಳ ಉಪಕಾರ ಆತ್ರಿ. ಮಿರಗಕ್ಕೇ ತರ್ತೀವಿ. 13 ಪೌಚ್: ದಾಲ್ 5, ಖಿಚಡಿ 3, ರಾಜ್ಮಾ 3, ಹಲ್ವಾ 2. ರೊಟ್ಟಿ 150 ಹೇಳಿ ಮಾಡಿಸೋದು. ಸಜ್ಜಿ ರೊಟ್ಟಿ ಅರ್ಧ ಕೂಡ್ಸಿದ್ರ ನಡೀತದಾ?

ಖಡಕ್‌ರೊಟ್ಟಿ (ಜೇವರ್ಗಿ)
ಸಜ್ಜಿ ಬ್ಯಾಡ. ಸಜ್ಜಿ ಹಿಟ್ಟಿನಾಗ ಎಣ್ಣಿ ಅಂಶ ಜಾಸ್ತಿ, ಬೀಸಿದ ಮ್ಯಾಲೆ ಲಗೂ ಕಮಟು ಹಿಡಿದು ಕಹಿ ಬರ್ತದ. ಪೂರಾ ಜ್ವಾಳದ್ದೇ ಮಾಡಿಸ್ರಿ. ರೊಟ್ಟಿ ವರ್ಷಕ್ಕೊಮ್ಮೆ ತಂದಿಡೋ ಮಾಲಲ್ಲ. ಜುಲೈ ಕೊನಿಗಿ 150, ಸೆಪ್ಟೆಂಬರದಾಗ ಅದನ್ನ ಉಂಡು ಮತ್ತ 150. ನಾಕ್ ತುಣುಕು ಮುರಿದು ಜೋಡಿಸಿದ್ರ ಡಬ್ಬ್ಯಾಗ ಹೆಚ್ಚು ಹಿಡೀತಾವ. ಪೂರಾ ಆರಿದ ಮ್ಯಾಲೇ ಮುಚ್ಚಳ ಹಾಕ್ರಿ, ಬೆಚ್ಚಗಿದ್ದಾಗ ಮುಚ್ಚಿದ್ರ ಒಳಗ ಬೆವತು ಬೂಸ್ಟು ಬರ್ತದ. ಹಿಂಡಿ ಶೇಂಗಾದ್ದು ಇಲ್ಲಾ ಪುಟಾಣಿದು ಇರ್ಲಿ, ಅಗಸಿ ಕುಟ್ಟಿದ ಮ್ಯಾಲೆ ಲಗೂ ಕೆಡ್ತದ.

ಫರಸಿಕಲ್ಲು (ಶಹಾಬಾದ್)
ಎಳ್ಳು ಹಚ್ಚಿದ ರೊಟ್ಟಿ ಕೊಡ್ತಾರ, ಬ್ಯಾಡ ಅಂತ ಮೊದ್ಲೇ ಹೇಳ್ರಿ.

ಖಡಕ್‌ರೊಟ್ಟಿ (ಜೇವರ್ಗಿ)
ಹೌದು, ಎಳ್ಳೂ ಕಮಟು ಹಿಡೀತದ. ಎಳ್ಳಿಂದು ಹತ್ತು ಬ್ಯಾರೆ ತಗೋರಿ, ಅವನ್ನ ಆವತ್ತೇ ಉಣ್ರಿ.